ತಿಳಿಯದೆ ಬಳಸಿದ ಚಿತ್ರದ ಬೆಲೆ

ಛಾಯಾಚಿತ್ರವೊಂದರ ಮೇಲಿನ ಕೃತಿಸ್ವಾಮ್ಯ, ಅದನ್ನು ತೆಗೆದ ಕ್ಷಣದಲ್ಲೇ, ಅರ್ಜಿ, ನೋಂದಣಿ, ಮೊಹರು ಯಾವುದೂ ಇಲ್ಲದೆ, ತೆಗೆದವರಿಗೆ ತಾನಾಗಿ ಸೇರುತ್ತದೆ. ಒಂದು ಕೃತಿಯನ್ನು ನಕಲು ಮಾಡುವ, ಹಂಚುವ, ಸಾರ್ವಜನಿಕರಿಗೆ ತಲುಪಿಸುವ ಅಧಿಕಾರವನ್ನು ಇಂತಿಷ್ಟು ವರ್ಷಗಳವರೆಗೆ ಅದರ ಕರ್ತೃವಿಗೇ ಕಾಯ್ದಿರಿಸುವ ಹಕ್ಕನ್ನು ಕೃತಿಸ್ವಾಮ್ಯ ಎನ್ನುತ್ತಾರೆ; ಬಳಕೆಯ ಮಾತಿನಲ್ಲಿ ಅದೇ ಕಾಪಿರೈಟ್. ಈ ಹಕ್ಕಿಗೆ ನೋಂದಣಿಯಂಥ ವಿಧಿವಿಧಾನಗಳನ್ನು ಷರತ್ತಾಗಿ ಇಡಕೂಡದೆಂಬ ನಿಯಮ, 1886ರ ಬರ್ನ್ ಒಪ್ಪಂದವನ್ನು 1908ರಲ್ಲಿ ಬರ್ಲಿನ್‌ನಲ್ಲಿ ಪರಿಷ್ಕರಿಸಿದಾಗ ನೆಲೆಗೊಂಡಿತು. ಕಾಗದಪತ್ರದ ಕೊರತೆಯಿಂದ ಬಡ ಲೇಖಕನ ಹಕ್ಕು, ಪರದೇಶದ ಕಲಾವಿದನ ಹಕ್ಕು ಕೈತಪ್ಪಿ ಹೋಗಬಾರದೆಂಬ ಕಾಳಜಿ ಅದರ ಹಿಂದಿತ್ತು, ಮತ್ತು ಆ ಕಾಳಜಿ ಇಂದಿಗೂ ಸರಿಯಾದದ್ದೇ. ಆದರೆ ಆ ಕಾಲದಲ್ಲಿ ಒಂದು ಚಿತ್ರವನ್ನು ಸಾವಿರಾರು ಜನರ ಮುಂದಿಡುವ ಶಕ್ತಿ ಇದ್ದದ್ದು ಪತ್ರಿಕೆಗಳಿಗೆ, ಪ್ರಕಾಶನ ಸಂಸ್ಥೆಗಳಿಗೆ, ದೊಡ್ಡ ಮುದ್ರಣಾಲಯಗಳಿಗೆ ಮಾತ್ರ. ಅವರಿಗೆ ಕಾನೂನಿನ ಅರಿವಿತ್ತು, ಸಲಹೆಗೆ ವಕೀಲರಿದ್ದರು. ಇಂದು ಹಳ್ಳಿಯ ಶಾಲೆ, ಹೊಲಿಗೆ ಅಂಗಡಿ, ಯಕ್ಷಗಾನ ಮಂಡಳಿ, ನಿವೃತ್ತ ಮೇಷ್ಟರು ಎಲ್ಲರೂ ಪ್ರಕಾಶಕರು. ಅವರಿಗೆ ಅನ್ವಯಿಸುವ ನಿಯಮ ಮಾತ್ರ ದೊಡ್ಡ ಪ್ರಕಾಶಕರಿಗಾಗಿ ಹೊಲಿದ ಅಳತೆಯದೇ ಆಗಿ ಉಳಿದಿದೆ.

ಈ ಅಂತರದಿಂದ ಹುಟ್ಟಿದ ಅನ್ಯಾಯವನ್ನು ಸರಿಪಡಿಸಬೇಕೆಂದು ಜರ್ಮನಿ, ಬ್ರಿಟನ್, ಕೆನಡಾ, ಅಮೆರಿಕಗಳಲ್ಲಿ ಗ್ರಾಹಕ ಸಂಘಟನೆಗಳು, ಗ್ರಂಥಪಾಲಕರು, ಸಣ್ಣ ವ್ಯಾಪಾರಿಗಳು, ಕಾನೂನು ಪ್ರಾಧ್ಯಾಪಕರು ಎರಡು ದಶಕಗಳಿಂದ ಒತ್ತಾಯಿಸುತ್ತ ಬಂದಿದ್ದಾರೆ. ಚಿತ್ರಗಳೆಲ್ಲ ಪುಕ್ಕಟೆಯಾಗಲಿ ಎಂದು ಅವರಲ್ಲಿ ಬಹುಪಾಲು ಜನ ಕೇಳುತ್ತಿಲ್ಲ. ಬೇಕೆಂದೇ ಕದ್ದವರನ್ನೂ ತಿಳಿಯದೆ ಎಡವಿದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು, ತಪ್ಪಿಗೆ ತೆರಬೇಕಾದ ಹಣ ಆ ತಪ್ಪಿನಿಂದ ನಿಜವಾಗಿ ಆದ ನಷ್ಟಕ್ಕೆ ಹೊಂದುವಂತಿರಬೇಕು, ಹಣ ಕೇಳುವ ಮೊದಲು ತಿದ್ದಿಕೊಳ್ಳಲು ಒಂದು ಅವಕಾಶ ಸಿಗಬೇಕು ಎಂಬುದು ಅವರ ಬೇಡಿಕೆಯ ಸಾರ.

ತಿಳಿಯದೆ ಆಗುವ ಬಳಕೆ ಎಂದರೇನು ಎಂಬುದನ್ನು ಬಿಡಿಸಿ ನೋಡಬೇಕು, ಏಕೆಂದರೆ ವಾದದ ಅರ್ಧ ಭಾಗ ಅಲ್ಲೇ ಇದೆ. ಅತಿ ಸಾಮಾನ್ಯವಾದದ್ದು ಹುಡುಕುತಾಣದಲ್ಲಿ ಕಂಡ ಚಿತ್ರವನ್ನು ಎಲ್ಲರ ಸೊತ್ತೆಂದು ಭಾವಿಸಿ ಇಳಿಸಿಕೊಳ್ಳುವುದು. ಇದರಲ್ಲಿ ಅಜಾಗರೂಕತೆಯ ಪಾಲು ಇದ್ದೇ ಇದೆ. ಉಳಿದ ಬಗೆಗಳಲ್ಲಿ ಬಳಸಿದವರ ತಪ್ಪು ತೆಳುವಾಗುತ್ತ ಹೋಗುತ್ತದೆ. ಸಣ್ಣ ಅಂಗಡಿಯವರು ದುಡ್ಡು ಕೊಟ್ಟು ಜಾಲತಾಣ ಮಾಡಿಸಿಕೊಂಡಾಗ ವಿನ್ಯಾಸಕಾರರು ಎಲ್ಲಿಂದಲೋ ತಂದ ಚಿತ್ರಗಳು ಅದರಲ್ಲಿ ಸೇರಿಕೊಂಡಿರುತ್ತವೆ, ಕಾನೂನಿನ ಕಣ್ಣಿಗೆ ಮಾತ್ರ ಪ್ರಕಟಿಸಿದವರು ಅಂಗಡಿಯವರೇ. ಉಚಿತ ಚಿತ್ರಗಳ ತಾಣವೊಂದಕ್ಕೆ ಯಾರೋ ಮೂರನೆಯವರು ಪರರ ಚಿತ್ರವನ್ನು ತಮ್ಮದೆಂದು ಏರಿಸಿ, ಯಾರು ಬೇಕಾದರೂ ಬಳಸಬಹುದೆಂದು ಬರೆದಿಟ್ಟಿದ್ದರೆ, ಆ ಬರಹವನ್ನು ನಂಬಿದವರು ಉಲ್ಲಂಘಕರಾಗುತ್ತಾರೆ. ಕ್ರಮವಾಗಿ ಹಣ ಕೊಟ್ಟು ಪಡೆದ ಚಿತ್ರವೇ ಪರವಾನಗಿಯ ಅವಧಿ ಮುಗಿದ ಮೇಲೂ ಯಾರೂ ತೆರೆಯದ ಹಳೆಯ ಪುಟದಲ್ಲಿ ಉಳಿದುಬಿಡುವುದುಂಟು. ಇದಕ್ಕೆಲ್ಲ ಹಿನ್ನೆಲೆಯಾಗಿ ಇನ್ನೊಂದು ಸಂಗತಿಯಿದೆ. ಚಿತ್ರದ ಕಡತದೊಳಗೆ ತೆಗೆದವರ ಹೆಸರು, ಹಕ್ಕಿನ ವಿವರ, ಸಂಪರ್ಕ ವಿಳಾಸ ಬರೆದಿಡಲು ಜಾಗವಿರುತ್ತದೆ, ಇದನ್ನು ಮೆಟಾಡೇಟಾ ಎನ್ನುತ್ತಾರೆ. ಆದರೆ ಹಲವು ಸಾಮಾಜಿಕ ಜಾಲತಾಣಗಳು ಚಿತ್ರವನ್ನು ಕುಗ್ಗಿಸುವಾಗ ಈ ವಿವರವನ್ನು ಅಳಿಸಿಹಾಕುವುದರಿಂದ, ನಾಲ್ಕು ಕೈ ದಾಟುವಷ್ಟರಲ್ಲಿ ಚಿತ್ರ ಯಾರದೆಂದು ತಿಳಿಯುವ ದಾರಿಯೇ ಮುಚ್ಚಿಹೋಗಿರುತ್ತದೆ. ಗೂಗಲ್ ಸಂಸ್ಥೆ ತನ್ನ ಚಿತ್ರಹುಡುಕಾಟದಲ್ಲಿ, ಪರವಾನಗಿ ಪಡೆದು ಬಳಸಬಹುದಾದ ಚಿತ್ರಗಳಿಗೆ ಗುರುತು ಹಚ್ಚಲು ತೊಡಗಿದ್ದು 2020ರಲ್ಲಿ. ಅಷ್ಟರಲ್ಲಿ ಒಂದು ಇಡೀ ಪೀಳಿಗೆ ಹುಡುಕಾಟದಲ್ಲಿ ಸಿಕ್ಕ ಚಿತ್ರವನ್ನು ಹಾಗೆಯೇ ಅಂಟಿಸುವುದನ್ನು ರೂಢಿ ಮಾಡಿಕೊಂಡಾಗಿತ್ತು.

ಮೊದಲೆಲ್ಲ ಇಂಥ ಬಳಕೆ ಹಕ್ಕುದಾರರ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಚಿತ್ರದ ಬಣ್ಣ, ಅಂಚು, ಆಕಾರಗಳಿಂದ ಗಣಿತದ ಬೆರಳಚ್ಚೊಂದನ್ನು ತಯಾರಿಸಿ, ಕೋಟಿಗಟ್ಟಲೆ ಪುಟಗಳಲ್ಲಿ ಅದಕ್ಕೆ ಹೊಂದುವ ಚಿತ್ರಗಳನ್ನು ಹುಡುಕುವ ತಂತ್ರಾಂಶ ಬಂದ ಮೇಲೆ ಸ್ಥಿತಿ ಬದಲಾಯಿತು. ಕತ್ತರಿಸಿದರೂ ಬಣ್ಣ ತೆಗೆದರೂ ಚಿತ್ರ ಸಿಕ್ಕಿಬೀಳುತ್ತದೆ. ಪಿಕ್ಸಿ, ಕಾಪಿಟ್ರ್ಯಾಕ್, ಪಿಕ್‌ರೈಟ್ಸ್ ಮೊದಲಾದ ಸಂಸ್ಥೆಗಳು ಛಾಯಾಗ್ರಾಹಕರ, ಸುದ್ದಿಸಂಸ್ಥೆಗಳ ಪರವಾಗಿ ಈ ಹುಡುಕಾಟ ನಡೆಸಿ, ಬಳಸಿದವರಿಗೆ ಪತ್ರ ಬರೆದು ಹಣ ವಸೂಲು ಮಾಡುತ್ತವೆ. ಈ ಕ್ಷೇತ್ರದ ಹಲವು ಸಂಸ್ಥೆಗಳ ಆದಾಯ ವಸೂಲಾದ ಹಣದಲ್ಲಿನ ಪಾಲು. ಚಿತ್ರವನ್ನು ತೆಗೆಸಿಹಾಕುವುದರಿಂದ ಅವಕ್ಕೆ ಏನೂ ದಕ್ಕುವುದಿಲ್ಲ, ಆದ್ದರಿಂದ ಮೊದಲ ಪತ್ರವೇ ಹಣದ ಬೇಡಿಕೆಯಾಗಿರುವುದು ಆ ವ್ಯವಹಾರದ ರಚನೆಯಲ್ಲೇ ಅಡಕವಾಗಿದೆ.

ಈ ಪತ್ರ ವ್ಯವಹಾರ ಒಂದು ಸಾಮಾಜಿಕ ಸಮಸ್ಯೆಯಾಗಿ ಬೆಳೆದ ದೇಶ ಜರ್ಮನಿ. ಅಲ್ಲಿನ ಕಾನೂನಿನಲ್ಲಿ ಅಬ್‌ಮಾನುಂಗ್ ಎಂಬ ಎಚ್ಚರಿಕೆ ಪತ್ರದ ಪದ್ಧತಿಯಿದೆ: ಹಕ್ಕುದಾರರು ನ್ಯಾಯಾಲಯಕ್ಕೆ ಹೋಗುವ ಮೊದಲು ವಕೀಲರ ಮೂಲಕ ಪತ್ರ ಕಳಿಸುತ್ತಾರೆ, ಇನ್ನು ಮುಂದೆ ಹೀಗೆ ಮಾಡುವುದಿಲ್ಲ, ಮಾಡಿದರೆ ಇಷ್ಟು ದಂಡ ತೆರುತ್ತೇನೆ ಎಂಬ ಮುಚ್ಚಳಿಕೆಗೆ ಸಹಿ ಕೇಳುತ್ತಾರೆ, ಮತ್ತು ಆ ಪತ್ರ ಬರೆದ ವಕೀಲರ ಶುಲ್ಕವನ್ನು ಪತ್ರ ಪಡೆದವರೇ ಕೊಡಬೇಕಾಗುತ್ತದೆ. ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರದೆ ಬಗೆಹರಿಯಲಿ ಎಂಬ ಸದುದ್ದೇಶದ ಏರ್ಪಾಡು ಇದು. ಆದರೆ ವಕೀಲರ ಶುಲ್ಕ ವಿವಾದದ ಮೌಲ್ಯವನ್ನು ಅವಲಂಬಿಸುತ್ತದೆ, ಮತ್ತು ಆ ಮೌಲ್ಯವೆಂದರೆ ಚಿತ್ರದ ಬೆಲೆಯಲ್ಲ, ಮುಂದೆಂದೂ ಬಳಸದಂತೆ ತಡೆಯುವುದರಲ್ಲಿ ಹಕ್ಕುದಾರರಿಗಿರುವ ಹಿತದ ಅಂದಾಜು. ಅದು ಸಾವಿರಾರು ಯೂರೊಗಳಿಗೆ ಏರಿದಂತೆ ಶುಲ್ಕವೂ ಏರುತ್ತದೆ. ಹೀಗೆ ಹತ್ತಿಪ್ಪತ್ತು ಯೂರೊ ಬೆಲೆಯ ಚಿತ್ರಕ್ಕೆ ನೂರಾರು ಯೂರೊಗಳ ಪತ್ರಗಳು ರಾಶಿರಾಶಿಯಾಗಿ ಮನೆಗಳನ್ನು ಸೇರತೊಡಗಿದಾಗ ಗ್ರಾಹಕ ಸಂಘಟನೆಗಳು ದನಿಯೆತ್ತಿದವು. 2008ರಲ್ಲಿ, ವ್ಯಾಪಾರಕ್ಕೆ ಸಂಬಂಧಿಸದ ಸರಳ ಪ್ರಕರಣಗಳಲ್ಲಿ ಮೊದಲ ಪತ್ರದ ಶುಲ್ಕವನ್ನು 100 ಯೂರೊಗೆ ಮಿತಿಗೊಳಿಸುವ ತಿದ್ದುಪಡಿ ಬಂತು. ಆದರೆ ಯಾವುದು ಸರಳ ಪ್ರಕರಣ ಎಂಬುದರ ಮೇಲೆಯೇ ತಕರಾರು ಎದ್ದು ಅದು ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು. 2013ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಹೊಸ ನಿಯಮ, ಖಾಸಗಿ ವ್ಯಕ್ತಿಗಳ ಮೊದಲ ತಪ್ಪಿನ ವಿಷಯದಲ್ಲಿ ತಡೆಯ ಬೇಡಿಕೆಯ ಮೌಲ್ಯವನ್ನೇ 1,000 ಯೂರೊಗೆ ಕಟ್ಟಿಹಾಕಿತು. ಇದು ಅಭಿಯಾನಕ್ಕೆ ಸಿಕ್ಕ ನಿಜವಾದ ಗೆಲುವು. ಆದರೂ ಅದರ ನೆರಳು ಖಾಸಗಿ ವ್ಯಕ್ತಿಗಳಿಗೆ ಮಾತ್ರ. ಊರಿನ ಹಾಡುಗಾರರ ಸಂಘ, ಶಾಲೆ, ಮೂಲೆಯ ಬೇಕರಿ ಅದರ ಹೊರಗೇ ಉಳಿದವು.

ಶಾಲೆಯೊಂದರ ಪ್ರಕರಣವೇ ಮುಂದೆ ಇಡೀ ಯುರೋಪಿನ ನ್ಯಾಯಶಾಸ್ತ್ರದ ಚರ್ಚೆಯಾಯಿತು. ಜರ್ಮನಿಯ ನಾರ್ತ್ ರೈನ್ ವೆಸ್ಟ್‌ಫಾಲಿಯಾ ರಾಜ್ಯದ ವಾಲ್ಟ್ರಾಪ್ ಎಂಬ ಪಟ್ಟಣದ ಶಾಲೆಯಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ತನ್ನ ಪಾಠದ ಅಂಗವಾಗಿ ಒಂದು ಪ್ರಬಂಧ ಸಿದ್ಧಪಡಿಸಿದಳು. ಅದಕ್ಕೆ ಸ್ಪೇನಿನ ಕೊರ್ಡೊಬಾ ನಗರದ ಒಂದು ಛಾಯಾಚಿತ್ರ ಬೇಕಿತ್ತು. ಪ್ರವಾಸದ ಜಾಲತಾಣವೊಂದರಲ್ಲಿ ಅಂಥ ಚಿತ್ರ ಸಿಕ್ಕಿತು, ಅದನ್ನು ಇಳಿಸಿಕೊಳ್ಳದಂತೆ ಅಲ್ಲಿ ಯಾವ ತಡೆಯೂ ಇರಲಿಲ್ಲ. ಅವಳು ಚಿತ್ರವನ್ನು ಪ್ರಬಂಧದಲ್ಲಿ ಸೇರಿಸಿ, ಅದರ ಕೆಳಗೆ ಆ ಜಾಲತಾಣದ ಹೆಸರನ್ನು ಪ್ರಾಮಾಣಿಕವಾಗಿ ಬರೆದಳು. ಚೆನ್ನಾಗಿ ಬಂದ ಆ ಕೆಲಸವನ್ನು 2009ರ ಮಾರ್ಚ್‌ನಲ್ಲಿ ಶಾಲೆ ತನ್ನ ಜಾಲತಾಣದಲ್ಲಿ ಏರಿಸಿತು. ಚಿತ್ರ ತೆಗೆದ ಛಾಯಾಗ್ರಾಹಕರು ಪ್ರವಾಸ ತಾಣಕ್ಕೆ ಮಾತ್ರ ತಾವು ಅನುಮತಿ ಕೊಟ್ಟದ್ದೆಂದು ಹೇಳಿ, ಶಾಲೆಯ ಹೊಣೆ ಹೊತ್ತ ಆಡಳಿತದ ಮೇಲೆ ದಾವೆ ಹೂಡಿದರು. ಬಳಕೆ ನಿಲ್ಲಬೇಕೆಂಬ ಆದೇಶದ ಜೊತೆಗೆ ಅವರು ಕೇಳಿದ ಪರಿಹಾರ 400 ಯೂರೊ. ರೆಂಕ್‌ಹೋಫ್ ಪ್ರಕರಣವೆಂದು ಹೆಸರಾದ ಈ ವ್ಯಾಜ್ಯ ಹ್ಯಾಂಬರ್ಗ್‌ನ ನ್ಯಾಯಾಲಯಗಳಿಂದ ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯಕ್ಕೂ, ಅಲ್ಲಿಂದ ಲಕ್ಸಂಬರ್ಗ್‌ನಲ್ಲಿರುವ ಯುರೋಪಿಯನ್ ಒಕ್ಕೂಟದ ನ್ಯಾಯಾಲಯಕ್ಕೂ ಹೋಯಿತು.

ಆ ನ್ಯಾಯಾಲಯದಲ್ಲಿ ತೀರ್ಪಿಗೆ ಮೊದಲು ಅಡ್ವೊಕೇಟ್ ಜನರಲ್ ಎಂಬ ಅಧಿಕಾರಿ ಸ್ವತಂತ್ರ ಅಭಿಪ್ರಾಯ ಕೊಡುವ ಕ್ರಮವಿದೆ. 2018ರ ಏಪ್ರಿಲ್‌ನಲ್ಲಿ ಮ್ಯಾನುಯೆಲ್ ಕಾಂಪೋಸ್ ಸ್ಯಾಂಚೆಸ್ ಬೊರ್ಡೊನಾ ಅವರು ಶಾಲೆಯ ಪರವಾದ ನಿಲುವು ತಳೆದರು: ಚಿತ್ರ ಮೊದಲೇ ಎಲ್ಲರಿಗೂ ತೆರೆದಿತ್ತು, ಬಳಸಬಾರದೆಂಬ ಎಚ್ಚರಿಕೆ ಇರಲಿಲ್ಲ, ಶಾಲೆಗೆ ಲಾಭದ ಉದ್ದೇಶವಿರಲಿಲ್ಲ, ಚಿತ್ರ ಪಾಠದ ಕೆಲಸಕ್ಕೆ ಪೂರಕವಾಗಿ ಬಂದದ್ದಷ್ಟೆ. ಆದರೆ 2018ರ ಆಗಸ್ಟ್ 7ರಂದು ನ್ಯಾಯಾಲಯ ಈ ಅಭಿಪ್ರಾಯವನ್ನು ಒಪ್ಪಲಿಲ್ಲ. ಒಂದು ತಾಣದಲ್ಲಿ ಕಾಣುವ ಚಿತ್ರದ ಕಡೆಗೆ ಕೊಂಡಿ ಕೊಡುವುದು ಬೇರೆ, ಚಿತ್ರವನ್ನೇ ಇಳಿಸಿಕೊಂಡು ಇನ್ನೊಂದು ತಾಣದಲ್ಲಿ ಏರಿಸುವುದು ಬೇರೆ ಎಂದು ಅದು ಹೇಳಿತು. ಕೊಂಡಿಯಾದರೆ ಮೂಲ ಚಿತ್ರ ತೆಗೆದಾಗ ತಾನೂ ನಿಲ್ಲುತ್ತದೆ, ಮರುಪ್ರಕಟಣೆಯಾದರೆ ಛಾಯಾಗ್ರಾಹಕರು ಮೂಲವನ್ನು ಅಳಿಸಿದ ಮೇಲೂ ಪ್ರತಿ ಉಳಿದು, ತಮ್ಮ ಕೃತಿಯ ಮೇಲಿನ ಹಿಡಿತವೇ ಅವರಿಗೆ ತಪ್ಪುತ್ತದೆ. ಹೀಗೆ ಶಾಲೆಯ ಪ್ರಕಟಣೆ ಹೊಸ ಸಾರ್ವಜನಿಕರಿಗೆ ಮಾಡಿದ ಹೊಸ ತಲುಪಿಸುವಿಕೆ ಎಂದಾಯಿತು. 2019ರ ಜನವರಿಯಲ್ಲಿ ಜರ್ಮನ್ ನ್ಯಾಯಾಲಯವೂ ಅದರಂತೆಯೇ ಉಲ್ಲಂಘನೆ ಆಗಿದೆಯೆಂದು ತೀರ್ಮಾನಿಸಿತು. ಚಿತ್ರ ಏರಿಸಿ ಆಗಲೇ ಒಂಬತ್ತು ವರ್ಷ ಒಂಬತ್ತು ತಿಂಗಳು ದಾಟಿತ್ತು.

ಹಕ್ಕಿನ ತತ್ತ್ವದ ಮಟ್ಟಿಗೆ ನ್ಯಾಯಾಲಯದ ತರ್ಕವನ್ನು ಅಲ್ಲಗಳೆಯುವುದು ಕಷ್ಟ. ಒಂದೆಡೆ ತೆರೆದಿಟ್ಟದ್ದನ್ನು ಎಲ್ಲೆಡೆಯೂ ಎಲ್ಲರೂ ಎತ್ತಿಕೊಳ್ಳಬಹುದೆಂದು ಒಪ್ಪಿದರೆ, ಚಿತ್ರವನ್ನು ಎರಡನೆಯ ಬಾರಿ ಮಾರುವ ದಾರಿಯೇ ಛಾಯಾಗ್ರಾಹಕರಿಗೆ ಉಳಿಯುವುದಿಲ್ಲ. ಆದರೆ ಈ ಪ್ರಕರಣ ತೋರಿಸಿಕೊಡುವ ಕೊರತೆ ಬೇರೆಯದು: ಉಲ್ಲಂಘನೆ ಆಗಿದೆಯೋ ಇಲ್ಲವೋ ಎಂಬ ಒಂದೇ ಪ್ರಶ್ನೆಯ ಸುತ್ತ ಇಡೀ ಕಾನೂನು ತಿರುಗುತ್ತದೆ, ಆಗಿದ್ದರೆ ಅದು ಎಷ್ಟು ದೊಡ್ಡದು, ಬಳಸಿದವರ ಮನಸ್ಸಿನಲ್ಲಿ ಏನಿತ್ತು, ಒಂದು ದೂರವಾಣಿ ಕರೆಯಿಂದ ಮುಗಿಯಬಹುದಾಗಿತ್ತೇ ಎಂಬ ಪ್ರಶ್ನೆಗಳಿಗೆ ಅದರಲ್ಲಿ ಬಾಗಿಲು ತೀರ ಕಿರಿದು. ಉದ್ದೇಶವನ್ನು ಲೆಕ್ಕಿಸದ ಇಂಥ ಹೊಣೆಗಾರಿಕೆಯನ್ನು ಕಾನೂನಿನವರು ಕಟ್ಟುನಿಟ್ಟಿನ ಹೊಣೆ ಎನ್ನುತ್ತಾರೆ. ಹೊಣೆ ಕಟ್ಟುನಿಟ್ಟಾಗಿರಲಿ, ಆದರೆ ಪರಿಹಾರದ ಮೊತ್ತ ವಿವೇಚನೆಯದಾಗಿರಲಿ ಎಂಬುದೇ ಅಭಿಯಾನದ ಅತ್ಯಂತ ಬಲವಾದ ವಾದ, ಮತ್ತು ಅದನ್ನು ಒಪ್ಪಲು ಛಾಯಾಗ್ರಾಹಕರ ಹಕ್ಕಿನಲ್ಲಿ ಒಂದಿಷ್ಟನ್ನೂ ಕಡಿಯಬೇಕಾಗಿಲ್ಲ. ರೆಂಕ್‌ಹೋಫ್ ತೀರ್ಪು ಬಂದ ಮರುತಿಂಗಳೇ ಜರ್ಮನಿಯ ಅದೇ ಸರ್ವೋಚ್ಚ ಸಿವಿಲ್ ನ್ಯಾಯಾಲಯ ಇನ್ನೊಂದು ಪ್ರಕರಣದಲ್ಲಿ ಇಂಥ ವಿವೇಚನೆ ಹೇಗಿರಬಹುದೆಂದು ತೋರಿಸಿತು: ವೃತ್ತಿಪರರಲ್ಲದವರು ತೆಗೆದ ಸ್ಪೋರ್ಟ್ಸ್ ಕಾರಿನ ಚಿತ್ರವೊಂದಕ್ಕೆ ವೃತ್ತಿಪರರ ದರಪಟ್ಟಿಯನ್ನು ಅನ್ವಯಿಸಲಾಗದೆಂದು, ಬಳಕೆಗೆ 100 ಯೂರೊ, ತೆಗೆದವರ ಹೆಸರು ಹಾಕದ್ದಕ್ಕೆ ಮತ್ತೆ 100 ಯೂರೊ ಸಾಕೆಂಬ ಲೆಕ್ಕವನ್ನು ಅದು ಎತ್ತಿಹಿಡಿಯಿತು.

ಛಾಯಾಗ್ರಾಹಕರ ಅಳಲು ಅಲ್ಪವೆಂದು ಯಾರೂ ತಿಳಿಯಬಾರದು. ಒಂದು ಒಳ್ಳೆಯ ವನ್ಯಜೀವಿ ಚಿತ್ರದ ಹಿಂದೆ ವಾರಗಟ್ಟಲೆಯ ಕಾಯುವಿಕೆ, ಲಕ್ಷಾಂತರ ರೂಪಾಯಿಯ ಸಲಕರಣೆ, ವರ್ಷಗಳ ಅಭ್ಯಾಸ ಇರುತ್ತದೆ. ಕಬಿನಿ ಕಾಡಿನ ಕರಿಚಿರತೆಯ ಚಿತ್ರಗಳು 2020ರಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದಾಗ ತೆಗೆದವರ ಹೆಸರು ಎಷ್ಟೋ ಕಡೆ ಕಳಚಿಹೋಗಿತ್ತು. ತಮ್ಮ ಚಿತ್ರ ನೂರು ಕಡೆ ಬಳಕೆಯಾಗಿ ಒಂದು ಕಡೆಯಿಂದಲೂ ಕಾಸು ಬಾರದ ಕಲಾವಿದರು, ಹುಡುಕಿ ವಸೂಲು ಮಾಡಿಕೊಡುವ ಸಂಸ್ಥೆಯ ನೆರವು ಪಡೆಯುವುದನ್ನು ತಪ್ಪೆನ್ನಲಾಗದು. ಒಂದೊಂದು ಪ್ರಕರಣಕ್ಕೂ ಸ್ವತಃ ವಕೀಲರನ್ನು ಇಡುವ ಶಕ್ತಿ ಅವರಿಗಿಲ್ಲ. ತಿಳಿಯದೆ ಬಳಸಿದೆ ಎಂಬ ಮಾತು ತಿಳಿದು ಬಳಸಿದವರ ಬಾಯಲ್ಲೂ ಸುಲಭವಾಗಿ ಬರುತ್ತದೆ ಎಂಬ ಅವರ ಆಕ್ಷೇಪವೂ ನ್ಯಾಯವಾದದ್ದು. ಆದ್ದರಿಂದಲೇ ಸುಧಾರಣೆ ಎಂದರೆ ಬಳಸಿದವರಿಗೆ ಬರಿಯ ಕ್ಷಮೆ ಎಂದಾಗಬಾರದು. ಪ್ರಾಮಾಣಿಕ ತಪ್ಪನ್ನು ಗುರುತಿಸಲು ಪರೀಕ್ಷಿಸಬಲ್ಲ ಅಳತೆಗೋಲು ಬೇಕು.

ಅಂಥ ಅಳತೆಗೋಲು ಕಾನೂನಿನಲ್ಲಿ ಹಿಂದಿನಿಂದಲೂ ಇದೆ, ಆದರೆ ಅದು ತಪ್ಪು ಜಾಗದಲ್ಲಿ ನೆಟ್ಟಿದೆ. ಬ್ರಿಟನ್ನಿನ 1911ರ ಕೃತಿಸ್ವಾಮ್ಯ ಕಾಯಿದೆಯಲ್ಲಿ, ಕೃತಿಯ ಮೇಲೆ ಹಕ್ಕು ಇದೆಯೆಂದು ತನಗೆ ಗೊತ್ತಿರಲಿಲ್ಲ, ಹಾಗೆ ಶಂಕಿಸಲು ಕಾರಣವೂ ಇರಲಿಲ್ಲ ಎಂದು ಸಾಬೀತು ಮಾಡಿದವರಿಂದ ನಷ್ಟಪರಿಹಾರ ವಸೂಲು ಮಾಡಬಾರದು, ತಡೆಯಾಜ್ಞೆ ಮಾತ್ರ ಸಾಕು ಎಂಬ ನಿಯಮವಿತ್ತು. ಅದಕ್ಕೆ ಹಿಂದೆ ಬ್ರಿಟನ್ನಿನಲ್ಲಿ ಚಿತ್ರಗಳ ಹಕ್ಕಿಗೆ ನೋಂದಣಿ ಬೇಕಾಗಿದ್ದುದರಿಂದ, ಒಂದು ಚಿತ್ರದ ಮೇಲೆ ಹಕ್ಕು ಇದೆಯೋ ಇಲ್ಲವೋ ಎಂಬುದು ಆಗ ನಿಜಕ್ಕೂ ಸಂದೇಹದ ವಿಷಯವಾಗಿತ್ತು. 1914ರ ಕಾಯಿದೆಯ ಮೂಲಕ ಆ ಕಾನೂನು ಭಾರತಕ್ಕೂ ಬಂತು, ಮತ್ತು ಅದರ ತಿರುಳು 1957ರ ಭಾರತೀಯ ಕೃತಿಸ್ವಾಮ್ಯ ಕಾಯಿದೆಯ 55ನೇ ಸೆಕ್ಷನ್ನಿನ ಷರತ್ತಾಗಿ, ಬ್ರಿಟನ್ನಿನ 1988ರ ಕಾಯಿದೆಯ 97ನೇ ಸೆಕ್ಷನ್ನಾಗಿ ಇಂದಿಗೂ ಉಳಿದಿದೆ. ಈ ನಿಯಮ ಕ್ಷಮಿಸುವುದು ಹಕ್ಕಿನ ಇರವನ್ನೇ ಅರಿಯದವರನ್ನು. ಆದರೆ ಈಗಿನ ಕಾಲದ ಚಿತ್ರವೊಂದರ ಮೇಲೆ ಯಾರದೋ ಹಕ್ಕು ಇದ್ದೇ ಇರುತ್ತದೆಂಬುದು ಸರ್ವವಿದಿತವಾದ್ದರಿಂದ, ಹಾಗೆ ಅರಿಯದಿದ್ದೆ ಎಂಬ ವಾದ ಸುಲಭವಾಗಿ ನಿಲ್ಲುವುದಿಲ್ಲ. ಇಂದಿನ ಪ್ರಾಮಾಣಿಕ ತಪ್ಪಿನ ಸ್ವರೂಪವೇ ಬೇರೆ: ಹಕ್ಕು ಇದೆಯೆಂದು ಬಲ್ಲವರು, ಬಳಸಲು ಅನುಮತಿಯೂ ಇದೆಯೆಂದು ತಪ್ಪಾಗಿ ನಂಬಿರುತ್ತಾರೆ, ವಿನ್ಯಾಸಕಾರರು ಹಣ ಕೊಟ್ಟು ತಂದಿರಬೇಕೆಂದು, ಉಚಿತ ತಾಣದ ಬರಹ ನಿಜವೆಂದು, ಮೂಲದ ಹೆಸರು ಬರೆದರೆ ಸಾಕೆಂದು. ಈ ನಂಬಿಕೆಯ ಬಗ್ಗೆ ಆ ಸೆಕ್ಷನ್ನುಗಳು ಒಂದು ಮಾತನ್ನೂ ಆಡುವುದಿಲ್ಲ.

ಅಮೆರಿಕದ ಕಾನೂನು ಬೇರೊಂದು ಹಾದಿ ಹಿಡಿದಿದೆ. ಉಲ್ಲಂಘನೆಗೆ ಮೊದಲೇ ಅಥವಾ ಪ್ರಕಟವಾದ ಮೂರು ತಿಂಗಳೊಳಗೆ ಕೃತಿಯನ್ನು ನೋಂದಾಯಿಸಿದ ಹಕ್ಕುದಾರರು ತಮ್ಮ ನಷ್ಟವನ್ನು ಸಾಬೀತುಪಡಿಸದೆಯೇ ಶಾಸನವೇ ಗೊತ್ತುಮಾಡಿದ ಪರಿಹಾರವನ್ನು ಕೇಳಬಹುದು. ಅದು ಒಂದು ಕೃತಿಗೆ 750 ಡಾಲರುಗಳಿಂದ 30,000 ಡಾಲರುಗಳವರೆಗೆ, ಬೇಕೆಂದೇ ಮಾಡಿದ್ದಾದರೆ 1,50,000 ಡಾಲರುಗಳವರೆಗೆ ಹೋಗುತ್ತದೆ. ತಿಳಿಯದೆ ಮಾಡಿದ್ದೆಂದು ಸಾಬೀತು ಮಾಡಿದರೆ ನ್ಯಾಯಾಲಯ ಅದನ್ನು 200 ಡಾಲರಿಗೆ ಇಳಿಸಬಹುದು. ಆದರೆ ಆ 200 ಡಾಲರಿನ ತೀರ್ಪು ಪಡೆಯಲು ಫೆಡರಲ್ ನ್ಯಾಯಾಲಯದಲ್ಲಿ ವಕೀಲರಿಗೆ ಎಷ್ಟೋ ಪಟ್ಟು ಹೆಚ್ಚು ಸುರಿಯಬೇಕಾದೀತೆಂಬ ಭಯದಿಂದ, ಪತ್ರ ಬಂದವರು ಒಂದೆರಡು ಸಾವಿರಕ್ಕೆ ರಾಜಿಯಾಗಿಬಿಡುತ್ತಾರೆ. ಗರಿಷ್ಠ ಮೊತ್ತವನ್ನು ಪತ್ರದ ಮೊದಲ ಪುಟದಲ್ಲೇ ಕಾಣಿಸಿದರೆ ಸಾಕು, ಉಳಿದದ್ದನ್ನು ಹೆದರಿಕೆಯೇ ಮಾಡುತ್ತದೆ.

ಯಂತ್ರಗಳೇ ಹುಡುಕಿ ಕಳಿಸುವ ಬೇಡಿಕೆಗಳು ಎಂಥ ಪ್ರಮಾದಕ್ಕೆ ಇಳಿಯಬಲ್ಲವೆಂಬುದಕ್ಕೆ ಕ್ಯಾರಲ್ ಹೈಸ್ಮಿತ್ ಅವರ ಪ್ರಸಂಗ ಸಾಕ್ಷಿ. ಅಮೆರಿಕದ ಊರುಕೇರಿಗಳನ್ನು ದಶಕಗಳ ಕಾಲ ಚಿತ್ರಿಸಿ, ಆ ಚಿತ್ರಗಳನ್ನು ಸಾರ್ವಜನಿಕರ ಮುಕ್ತ ಬಳಕೆಗೆಂದು ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಟ್ಟ ಖ್ಯಾತ ಛಾಯಾಗ್ರಾಹಕಿ ಅವರು. 2015ರ ಕೊನೆಯಲ್ಲಿ, ಅಲಾಮಿ ಎಂಬ ಚಿತ್ರಸಂಗ್ರಹ ಸಂಸ್ಥೆಯ ಪರವಾಗಿ, ಅವರ ಪ್ರತಿಷ್ಠಾನದ ಜಾಲತಾಣದಲ್ಲಿದ್ದ ಒಂದು ಚಿತ್ರಕ್ಕೆ 120 ಡಾಲರು ಕೊಡಬೇಕೆಂಬ ಪತ್ರ ಬಂತು. ಆ ಚಿತ್ರ ಅವರೇ ತೆಗೆದದ್ದು. ಅದೇ ಬಗೆಯಲ್ಲಿ ತಮ್ಮ 18,755 ಚಿತ್ರಗಳನ್ನು ಗೆಟ್ಟಿ ಇಮೇಜಸ್ ಸಂಸ್ಥೆ ಮಾರಾಟಕ್ಕಿಟ್ಟಿದೆಯೆಂದು ಆರೋಪಿಸಿ 2016ರಲ್ಲಿ ಅವರು ನೂರು ಕೋಟಿ ಡಾಲರಿನ ದಾವೆ ಹೂಡಿದರು. ಸಾರ್ವಜನಿಕರಿಗೆ ಬಿಟ್ಟುಕೊಟ್ಟ ಚಿತ್ರದ ಮೇಲೆ ಕೊಟ್ಟವರಿಗೂ ಹಕ್ಕು ಉಳಿಯುವುದಿಲ್ಲವಾದ್ದರಿಂದ ಮುಖ್ಯ ಆರೋಪಗಳನ್ನು ನ್ಯಾಯಾಲಯ ಅದೇ ವರ್ಷ ತಳ್ಳಿಹಾಕಿತು. ತಿಳಿಯದೆ ಚಿತ್ರ ಬಳಸಿದವರಿಂದ ಹಣ ಕೇಳಲು ಕಾನೂನಿನಲ್ಲಿ ದಾರಿಗಳು ಹಲವು. ಹಕ್ಕೇ ಇಲ್ಲದ ಚಿತ್ರಕ್ಕೆ ಹಣ ಕೇಳಿದವರನ್ನು ಪ್ರಶ್ನಿಸಲು ಚಿತ್ರ ತೆಗೆದವರಿಗೇ ದಾರಿ ಸಿಗಲಿಲ್ಲ ಎಂಬುದನ್ನು ಅಭಿಯಾನಕಾರರು ಮತ್ತೆ ಮತ್ತೆ ಎತ್ತಿ ಹೇಳುತ್ತಾರೆ.

ಮುಕ್ತ ಪರವಾನಗಿಯ ಲೋಕದಿಂದ ಕಲಿಯಬೇಕಾದ ಪಾಠವೊಂದಿದೆ, ಮತ್ತು ಅದಕ್ಕೂ ಕನ್ನಡದ ಓದುಗರಿಗೂ ನೇರ ಸಂಬಂಧವಿದೆ, ಏಕೆಂದರೆ ಕನ್ನಡ ವಿಕಿಪೀಡಿಯದ ಬಹುಪಾಲು ಚಿತ್ರಗಳು ಈ ಬಗೆಯ ಪರವಾನಗಿಯಲ್ಲಿರುವಂಥವು. ಕ್ರಿಯೇಟಿವ್ ಕಾಮನ್ಸ್ ಎಂಬ ಸಂಸ್ಥೆ ರೂಪಿಸಿದ ಈ ಪರವಾನಗಿಗಳಲ್ಲಿ ಹೆಚ್ಚಿನವು, ತೆಗೆದವರ ಹೆಸರು, ಪರವಾನಗಿಯ ಹೆಸರು ಮತ್ತು ಕೊಂಡಿಯನ್ನು ನಮೂದಿಸಿ ಯಾರು ಬೇಕಾದರೂ ಚಿತ್ರ ಬಳಸಬಹುದು ಎನ್ನುತ್ತವೆ. ಹಳೆಯ ಆವೃತ್ತಿಗಳಲ್ಲಿ ಈ ನಮೂದಿನಲ್ಲಿ ಒಂದು ಸಣ್ಣ ಲೋಪವಾದರೂ ಪರವಾನಗಿ ತಾನಾಗಿ ರದ್ದಾಗುತ್ತಿತ್ತು. ಇದನ್ನೇ ಬಂಡವಾಳ ಮಾಡಿಕೊಂಡು, ಉಚಿತವೆಂದು ಚಿತ್ರ ಹರಿಯಬಿಟ್ಟು, ಹೆಸರನ್ನು ಸರಿಯಾಗಿ ಹಾಕದವರಿಂದ ದೊಡ್ಡ ಮೊತ್ತ ಕೇಳುವವರೂ ಹುಟ್ಟಿಕೊಂಡರು. 2013ರ ನವೆಂಬರಿನಲ್ಲಿ ಬಂದ 4.0 ಆವೃತ್ತಿಯಲ್ಲಿ, ತಪ್ಪು ಗಮನಕ್ಕೆ ಬಂದ 30 ದಿನಗಳೊಳಗೆ ಸರಿಪಡಿಸಿದರೆ ಪರವಾನಗಿ ತಾನಾಗಿ ಮರಳಿ ಊರ್ಜಿತವಾಗುತ್ತದೆಂಬ ನಿಯಮ ಸೇರಿತು. ಇಡೀ ಕೃತಿಸ್ವಾಮ್ಯ ಕಾನೂನಿಗೆ ಅಭಿಯಾನಕಾರರು ಬಯಸುವುದು ಬಹುಮಟ್ಟಿಗೆ ಇದನ್ನೇ. ಹಳೆಯ ಆವೃತ್ತಿಯ ಚಿತ್ರಗಳು ಇನ್ನೂ ಅಪಾರ ಸಂಖ್ಯೆಯಲ್ಲಿ ಚಲಾವಣೆಯಲ್ಲಿರುವುದರಿಂದ ಅವುಗಳನ್ನು ಬಳಸುವವರು ಹೆಸರಿನ ಸಾಲನ್ನು ಎಚ್ಚರದಿಂದ ಬರೆಯುವುದು ಒಳಿತು.

ಶಾಸನಗಳೂ ಅಲ್ಲಲ್ಲಿ ಮಿಸುಕಿವೆ. ಎಲ್ಲಕ್ಕಿಂತ ದಿಟ್ಟ ಹೆಜ್ಜೆ ಕೆನಡಾದ್ದು: 2012ರ ತಿದ್ದುಪಡಿ ವ್ಯಾಪಾರೇತರ ಬಳಕೆಗೆ ಶಾಸನಬದ್ಧ ಪರಿಹಾರವನ್ನು, ಎಷ್ಟೇ ಕೃತಿಗಳಿದ್ದರೂ ಒಟ್ಟು 100ರಿಂದ 5,000 ಡಾಲರುಗಳೊಳಗೆ ಕಟ್ಟಿತು, ಮತ್ತು 2018ರ ಡಿಸೆಂಬರಿನ ತಿದ್ದುಪಡಿ, ಅಂತರ್ಜಾಲ ಸೇವಾದಾರರ ಮೂಲಕ ಬಳಕೆದಾರರಿಗೆ ಕಳಿಸುವ ಉಲ್ಲಂಘನೆಯ ನೋಟಿಸಿನಲ್ಲಿ ರಾಜಿಯ ಹಣ ಕೇಳುವುದನ್ನೇ ನಿಷೇಧಿಸಿತು. ತಪ್ಪನ್ನು ತಿಳಿಸುವ ಕಾಗದ ಬೇರೆ, ಹಣ ಕೇಳುವ ಕಾಗದ ಬೇರೆ ಎಂಬ ಭೇದವನ್ನು ಹೀಗೆ ಸ್ಪಷ್ಟವಾಗಿ ಬರೆದ ಶಾಸನ ಅಪರೂಪ. ಬ್ರಿಟನ್ 2012ರ ಅಕ್ಟೋಬರಿನಲ್ಲಿ ಬೌದ್ಧಿಕ ಆಸ್ತಿ ವ್ಯಾಜ್ಯಗಳಿಗೆ, ವಕೀಲರಿಲ್ಲದೆಯೂ ನಡೆಸಬಹುದಾದ ಸಣ್ಣ ದಾವೆಗಳ ವಿಭಾಗ ತೆರೆಯಿತು; ಅದರ ಈಗಿನ ಮಿತಿ 10,000 ಪೌಂಡು. ಅಲ್ಲಿ ಸೋತವರ ಮೇಲೆ ಎದುರಾಳಿಯ ವಕೀಲರ ವೆಚ್ಚ ಸಾಮಾನ್ಯವಾಗಿ ಬೀಳುವುದಿಲ್ಲವಾದ್ದರಿಂದ ಛಾಯಾಗ್ರಾಹಕರಿಗೂ ಬಳಸಿದವರಿಗೂ ಅದು ಅನುಕೂಲವಾಗಿದೆ. ಅಮೆರಿಕ 2022ರ ಜೂನ್‌ನಲ್ಲಿ ತೆರೆದ ಕಾಪಿರೈಟ್ ಕ್ಲೇಮ್ಸ್ ಬೋರ್ಡ್‌ನಲ್ಲಿ ಒಟ್ಟು ಪರಿಹಾರದ ಮಿತಿ 30,000 ಡಾಲರು. ಸಣ್ಣ ತಪ್ಪಿಗೆ ಇದೂ ಭಾರವೇ, ಆದರೆ ಬೇಡವೆಂದವರು 60 ದಿನಗಳೊಳಗೆ ಆ ವಿಚಾರಣೆಯಿಂದ ಹೊರಗುಳಿಯಬಹುದು.

ಭಾರತದಲ್ಲಿ ಈ ಬಗೆಯ ಚರ್ಚೆ ಇನ್ನೂ ಮೊಳಕೆಯಲ್ಲಿದೆ. ಇಲ್ಲಿನ ಕಾನೂನಿನಲ್ಲಿ ಶಾಸನವೇ ಗೊತ್ತುಮಾಡಿದ ಪರಿಹಾರವಿಲ್ಲ, ನಷ್ಟವನ್ನು ತೋರಿಸಬೇಕು. ಇದು ಬಳಸಿದವರ ಪಾಲಿಗೆ ದೊಡ್ಡ ರಕ್ಷಣೆ. ಆಧಾರವಿಲ್ಲದೆ ಕಾನೂನು ಕ್ರಮದ ಬೆದರಿಕೆ ಹಾಕಿದವರ ಮೇಲೆ ತಿರುಗಿ ದಾವೆ ಹೂಡಲು 60ನೇ ಸೆಕ್ಷನ್ ಅವಕಾಶ ಕೊಡುತ್ತದೆ, ಆದರೆ ಪತ್ರ ಬಂದು ಗಾಬರಿಯಾದ ಹೆಚ್ಚಿನವರಿಗೆ ಅಂಥದೊಂದು ಸೆಕ್ಷನ್ ಇದೆಯೆಂಬುದೇ ಗೊತ್ತಿರುವುದಿಲ್ಲ. ಪಾಠ ಕಲಿಸುವ ಸಂದರ್ಭದಲ್ಲಿ ಶಿಕ್ಷಕರಾಗಲಿ ವಿದ್ಯಾರ್ಥಿಗಳಾಗಲಿ ಮಾಡುವ ನಕಲನ್ನು 52ನೇ ಸೆಕ್ಷನ್ ಉಲ್ಲಂಘನೆಯೆಂದು ಎಣಿಸುವುದಿಲ್ಲ. ತರಗತಿಯೊಳಗಿನ ಕೆಲಸಕ್ಕೆ ಇದು ಸಾಕು, ಅದೇ ಕೆಲಸವನ್ನು ಶಾಲೆಯ ಜಾಲತಾಣಕ್ಕೆ ಏರಿಸಿದರೆ ಸಾಕೇ ಎಂಬುದು ವಾಲ್ಟ್ರಾಪ್‌ನ ಶಾಲೆಗೆ ಎದುರಾದ ಅದೇ ತೊಡಕು. ಇನ್ನೊಂದೆಡೆ ಭಾರತದ ಕಾನೂನು ಹಲವು ದೇಶಗಳಿಗಿಂತ ಕಠೋರವಾಗಿದೆ. 63ನೇ ಸೆಕ್ಷನ್ ಪ್ರಕಾರ ತಿಳಿದೂ ಮಾಡಿದ ಉಲ್ಲಂಘನೆ ಅಪರಾಧ. ಆರು ತಿಂಗಳಿನಿಂದ ಮೂರು ವರ್ಷದವರೆಗೆ ಸೆರೆವಾಸ, 50,000 ರೂಪಾಯಿಯಿಂದ 2,00,000 ರೂಪಾಯಿವರೆಗೆ ದಂಡ. ಇದು ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದ, ಜಾಮೀನು ರಹಿತ ಅಪರಾಧವೆಂದು 2022ರ ಮೇ ತಿಂಗಳಲ್ಲಿ ನಿಟ್ ಪ್ರೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ತಿಳಿದು ಮಾಡಿದ್ದೇ ತಿಳಿಯದೆ ಮಾಡಿದ್ದೇ ಎಂಬುದು ವಿಚಾರಣೆಯ ಕೊನೆಗೆ ತೀರ್ಮಾನವಾಗುವ ಸಂಗತಿ; ಬಂಧನದ ಭಯವಾದರೋ ಮೊದಲ ದಿನದಿಂದಲೇ ಇರುತ್ತದೆ, ಮತ್ತು ಆ ಭಯವೇ ಬೇಡಿಕೆ ಪತ್ರಕ್ಕೆ ಬಲ ತುಂಬುತ್ತದೆ.

ಇಲ್ಲಿನ ಸುಧಾರಣೆಗೆ ಹೊಸ ಕಾಯಿದೆಯೇನೂ ಬೇಕಾಗಿಲ್ಲ. 55ನೇ ಸೆಕ್ಷನ್ನಿನ ಷರತ್ತಿನಲ್ಲಿ, ಕೃತಿಸ್ವಾಮ್ಯ ಇದೆಯೆಂದು ಅರಿಯದವರ ಜೊತೆಗೆ, ಬಳಸಲು ಅನುಮತಿ ಇದೆಯೆಂದು ನಂಬಲು ಸಕಾರಣವಿದ್ದವರನ್ನೂ ಸೇರಿಸಬಹುದು. ಆ ಕಾರಣವನ್ನು ವಿನ್ಯಾಸಕಾರರ ರಶೀದಿಯಿಂದಲೋ, ಉಚಿತ ತಾಣದ ಪುಟದ ಪ್ರತಿಯಿಂದಲೋ ಸಾಬೀತು ಮಾಡುವ ಹೊರೆ ಬಳಸಿದವರ ಮೇಲೆಯೇ ಇರಲಿ. ನೋಟಿಸು ತಲುಪಿದ 30 ದಿನಗಳೊಳಗೆ ಚಿತ್ರ ತೆಗೆದು ಅಥವಾ ಹೆಸರು ಹಾಕಿ, ಅದರ ಮಾರುಕಟ್ಟೆಯ ಪರವಾನಗಿ ಶುಲ್ಕವನ್ನು ಕೊಟ್ಟವರ ಮೇಲೆ ಮುಂದಿನ ಕ್ರಮ ನಿಲ್ಲಬೇಕೆಂದು, ಮತ್ತು ವ್ಯಾಪಾರದ ಲಾಭಕ್ಕಲ್ಲದ ಬಳಕೆಯ ದೂರುಗಳಲ್ಲಿ ಪೊಲೀಸರು ಬಂಧಿಸುವ ಮೊದಲು ಮ್ಯಾಜಿಸ್ಟ್ರೇಟರ ಅಪ್ಪಣೆ ಪಡೆಯಬೇಕೆಂದು ಎರಡು ಉಪಸೆಕ್ಷನ್ನುಗಳನ್ನು ಬರೆದರೆ, ಛಾಯಾಗ್ರಾಹಕರಿಗೆ ಅವರ ಹಣ ಈಗಿನದಕ್ಕಿಂತ ಬೇಗ ಸೇರುತ್ತದೆ, ಶಾಲೆಯ ಮೇಷ್ಟರು ಪೊಲೀಸ್ ಠಾಣೆಗೆ ಅಲೆಯುವುದೂ ತಪ್ಪುತ್ತದೆ.